ಬೆಲೆ ಬಂದ ವರ್ಷದ ಭಯ

ಕಾಫಿ ಬೆಲೆ ಬಿದ್ದಾಗ ಜನ ಆಪ್ತಸಲಹೆಗೆ ಬರುತ್ತಾರೆ. ಬೆಲೆ ಬಂದಾಗಲೂ ಬರುತ್ತಾರೆ. 2025ರ ಆರಂಭದಲ್ಲಿ ದರ ಹಿಂದೆಂದೂ ಕಾಣದಷ್ಟು ಏರಿದ ಮೇಲೆ ಚಿಕ್ಕಮಗಳೂರಿನಲ್ಲಿ ಇಂಥವರನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರಲ್ಲೊಬ್ಬರು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು, ಕ್ರೈಸ್ತರು. 2001–02ರಲ್ಲಿ ಬೆಲೆ ನೆಲ ಕಚ್ಚಿದಾಗ ಅಪ್ಪ ಸಾಲಕ್ಕೆ ಸಿಕ್ಕಿ ಅರ್ಧ ತೋಟ ಮಾರಿದ್ದನ್ನು ಕಣ್ಣಾರೆ ಕಂಡವರು. ಈಗ ಸಾಲ ಇಲ್ಲ. ಗೋದಾಮಿನಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆಗಳಿವೆ. ಆದರೂ ನಿದ್ದೆ ಇಲ್ಲ. ನಡುರಾತ್ರಿ ಎದ್ದು ಮೊಬೈಲಿನಲ್ಲಿ ದರ ನೋಡುತ್ತಾರೆ. ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು ದೇವರಿಗೆ ಕೊಟ್ಟರೆ ನೂರುಪಟ್ಟು ಬರುತ್ತದೆ ಅಂತ ಎಲ್ಲೋ ಒಂದು ಪ್ರಾರ್ಥನಾ ಕೂಟದಲ್ಲಿ ಹೇಳಿದ್ದರಂತೆ. ಕೊಟ್ಟರು, ಬೆಲೆ ಏರಿತು. ಈಗ ಕೊಡೋದು ನಿಲ್ಲಿಸಿದರೆ ದೇವರು ಬೆಲೆ ಇಳಿಸಿಬಿಟ್ಟರೆ ಅನ್ನೋ ಭಯ ಬೇರೆ.

ಈ ಥರದ ಬೋಧನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ತಂದೆಯಾದ ದೇವರನ್ನು ಬಡ್ಡಿ ಕೊಡುವವನನ್ನಾಗಿ ಮಾಡಿ, ಭಕ್ತರ ಹಣದ ಚಿಂತೆಯನ್ನು ದುಪ್ಪಟ್ಟು ಮಾಡುವ ಬೋಧನೆ ಅದು.

ಮೂರನೇ ಸಲ ಬರುವಾಗ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೆ. ಲೂಕನ ಸುವಾರ್ತೆಯ 12ನೇ ಅಧ್ಯಾಯವನ್ನು ಗಟ್ಟಿಯಾಗಿ ಓದಲು ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡಲು ಅಣ್ಣನಿಗೆ ಹೇಳು ಅಂತ ಒಬ್ಬ ಯೇಸುವನ್ನು ಕೇಳುತ್ತಾನೆ. ಅದಕ್ಕೆ ಯೇಸು ಒಂದು ಕಥೆ ಹೇಳುತ್ತಾರೆ. ಶ್ರೀಮಂತನೊಬ್ಬನ ಭೂಮಿ ಚೆನ್ನಾಗಿ ಬೆಳೆ ಕೊಡುತ್ತದೆ. ತುಂಬಿಡಲು ಜಾಗ ಇಲ್ಲ. ಇರುವ ಕಣಜ ಕೆಡವಿ ದೊಡ್ಡದು ಕಟ್ಟಿಸಬೇಕು ಅಂದುಕೊಳ್ಳುತ್ತಾನೆ. ಆದರೆ ಆ ರಾತ್ರಿಯೇ ಅವನ ಪ್ರಾಣ ಹೋಗಲಿದೆ ಅಂತ ದೇವರು ಹೇಳುತ್ತಾನೆ.

ನಾನು ಸಾವಿನ ಬಗ್ಗೆ ಮಾತಾಡಬೇಕು ಅಂತಿದ್ದೆ. ಅವರ ಗಮನ ಕಥೆಯ ಬೇರೆ ಕಡೆ ನಿಂತಿತು.

"ಮೇಡಂ, ಇವನಿಗೆ ಹೆಂಡ್ತಿ ಮಕ್ಕಳು ಯಾರೂ ಇಲ್ವಾ? ಎಲ್ಲಾ ತನ್ನ ಜೊತೆ ತಾನೇ ಮಾತಾಡ್ಕೋತಾನಲ್ಲ."

ಪಕ್ಕದಲ್ಲಿದ್ದ ಹೆಂಡತಿ ಥಟ್ಟಂತ ಕೇಳಿದರು: "ನೀವು ಯಾರ ಜೊತೆ ಮಾತಾಡ್ತೀರಿ? ನನ್ನ ಮಂಡಿ ಆಪರೇಷನ್‌ಗೆ ಈ ವರ್ಷ ದುಡ್ಡಾಗಲ್ಲ ಅಂದ್ರಿ. ಗೋದಾಮಲ್ಲಿ ಎಷ್ಟು ಮೂಟೆ ಇದೆ ಅಂತ ಇವತ್ತಿನವರೆಗೂ ಹೇಳಿಲ್ಲ."

ತುಂಬಾ ಹೊತ್ತು ಅವರು ಬಾಯಿ ಬಿಡಲಿಲ್ಲ. ಆಮೇಲೆ ಲೆಕ್ಕ ಹೇಳಿದರು. "ಅಪ್ಪನೂ ಸಾಲದ ವಿಷಯ ಅಮ್ಮನಿಗೆ ಹೇಳಿರಲಿಲ್ಲ" ಅಂದರು.

ನನ್ನ ಸಲಹೆ ಅಲ್ಲಿಂದಲೇ ಹುಟ್ಟಿತು. ದರ ನೋಡುವುದಿದ್ದರೆ ಹಗಲು, ಇಬ್ಬರೂ ಕೂತು ನೋಡಿ. ಸಂಜೆ ಪ್ರಾರ್ಥನೆಯಲ್ಲಿ ಹಣದ ಭಯವನ್ನು ಹೆಸರಿಟ್ಟು ದೇವರ ಮುಂದೆ ಹೇಳಿ, ಹೆಂಡತಿ ಕೇಳುವಂತೆ. ಆಪರೇಷನ್‌ಗೆ ಬೇಕಾದಷ್ಟು ಮೂಟೆ ಈಗಲೇ ಮಾರಿ. ದಾನ ಕೊಡಿ, ಆದರೆ ಏನೂ ವಾಪಸ್ ಬಾರದ ಕಡೆ ಕೊಡಿ. ನಿದ್ದೆಗೆ ವೈದ್ಯರನ್ನೂ ಕಾಣಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಕೂಡಿಡುವುದೇ ತಪ್ಪು ಅಂತ ನಾನು ಹೇಳಲಿಲ್ಲ. ಬೈಬಲಿನ ಯೋಸೇಫನೂ ಈಜಿಪ್ಟಿನಲ್ಲಿ ಏಳು ವರ್ಷ ಧಾನ್ಯ ಕೂಡಿಟ್ಟ. ಬರ ಬಂದಾಗ ಆ ಕಣಜದಿಂದ ಊರೆಲ್ಲ ಉಂಡಿತು, ಅವನನ್ನು ಮಾರಿದ್ದ ಅಣ್ಣಂದಿರೂ ಉಂಡರು.

ಆಪ್ತಸಲಹೆಯಲ್ಲಿ ಧರ್ಮ ಯಾಕೆ ತಂದಿರಿ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕೇಳದವರಿಗೆ ನಾನು ಬೈಬಲ್ ತೆರೆಯುವುದಿಲ್ಲ. ಆದರೆ ಇವರ ಭಯದೊಳಗೆ ದೇವರ ಹೆಸರು ಮೊದಲೇ ಸೇರಿಕೊಂಡಿತ್ತು. ಅದನ್ನು ಮುಟ್ಟದೆ ಸುಮ್ನೆ ಉಸಿರಾಟದ ವ್ಯಾಯಾಮ ಹೇಳಿ ಕಳಿಸಿದ್ದರೆ ಅರ್ಧ ಕೆಲಸವಷ್ಟೇ ಆಗುತ್ತಿತ್ತು. ಬೆಲೆ ಇಳಿದರೂ ತಂದೆಯಾದ ದೇವರು ಕೈಬಿಡುವುದಿಲ್ಲ ಅನ್ನುವ ಭರವಸೆ ಅವರಿಗೆ ಬೇಕಿತ್ತು. ನಾನೂ ಅದನ್ನು ನಂಬುತ್ತೇನೆ, ಹಾಗಾಗಿ ಹೇಳಿದೆ.

ಆಪರೇಷನ್ ಆಗಿದೆ. ಉಳಿದ ಮೂಟೆಗಳ ಬಗ್ಗೆ ಗಂಡ ಹೆಂಡತಿ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಅವರಿಗೆ ಇನ್ನಷ್ಟು ಕಾಯುವ ಮನಸ್ಸು, ಆಕೆಗೆ ಈಗಲೇ ಮಾರುವ ಮನಸ್ಸು. ಈಗ ನನ್ನ ಬಳಿ ಇಬ್ಬರೂ ಒಟ್ಟಿಗೆ ಬರುತ್ತಾರೆ.