ನೀವು ಕೇಳಿದಿರಿ: ಬಾಲ ಕಟ್ಟಿದ ಇಲಿ

ಪ್ರಶ್ನೆ: ಇಲಿಯನ್ನು ಬಾಲದಿಂದ ತೂಗುಹಾಕಿ ತೂಕರಹಿತ ಸ್ಥಿತಿಯನ್ನು ಅನುಕರಿಸುತ್ತಾರಂತೆ. ಗುರುತ್ವ ಇದ್ದೇ ಇರುತ್ತದಲ್ಲ? ರೋಗನಿರೋಧಕ ಶಕ್ತಿ ಕುಗ್ಗುವುದು ನಿಜವೇ?

ಉತ್ತರ: ಗುರುತ್ವ ಎಲ್ಲಿಗೂ ಹೋಗುವುದಿಲ್ಲ, ಹಿಂಗಾಲುಗಳ ಮೇಲಿನ ಭಾರವಷ್ಟೇ ಇಳಿಯುತ್ತದೆ. ತಲೆ ಕೆಳಗಾಗಿ ದೇಹ ಸುಮಾರು 30 ಡಿಗ್ರಿ ವಾಲುವುದರಿಂದ ರಕ್ತ, ದ್ರವಗಳು ತಲೆಯತ್ತ ಸರಿಯುತ್ತವೆ. ಇಲಿ ಮುಂಗಾಲೂರಿ ಓಡಾಡುತ್ತದೆ, ತಿನ್ನುತ್ತದೆ. ನಾಸಾದ ಏಮ್ಸ್ ಕೇಂದ್ರದಲ್ಲಿ 1970ರ ದಶಕದಲ್ಲಿ ರೂಪುಗೊಂಡ ವಿಧಾನವಿದು.

ರೋಗನಿರೋಧಕ ಕೋಶಗಳು ಬೆಳೆಯುವ ಥೈಮಸ್ ಗ್ರಂಥಿ ಮತ್ತು ಗುಲ್ಮ (ಸ್ಪ್ಲೀನ್) ಕುಗ್ಗುವುದು, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಕಡಿಮೆಯಾಗುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅವಸರದ ತೀರ್ಮಾನ ಬೇಡ. ತೂಗುಹಾಕಿದ ಇಲಿ ಗಾಬರಿಯಾಗುತ್ತದೆ, ಒತ್ತಡದ ಹಾರ್ಮೋನಾದ ಕಾರ್ಟಿಕೋಸ್ಟೆರಾನ್ ಏರುತ್ತದೆ. ಈ ಹಾರ್ಮೋನೊಂದೇ ಥೈಮಸ್ ಕೋಶಗಳನ್ನು ಸಾಯಿಸಬಲ್ಲದು. ತೂಗುಹಾಕಲು ಬಾಲಕ್ಕೆ ಸುತ್ತಿದ ಪಟ್ಟಿ ಬಿಗಿಯಾದರಂತೂ ಬಾಲದ ತುದಿ ನೀಲಿಗಟ್ಟಿ, ನೀವು ಅಳೆಯುವುದು ಬರೀ ನೋವನ್ನು! ತುದಿಯನ್ನು ಮುಚ್ಚದೆ ಬಿಟ್ಟು ದಿನವೂ ಬಣ್ಣ ನೋಡಬೇಕು, ತೂಕ ಬರೆದಿಡಬೇಕು.

ಹೋಲಿಕೆಯ ಗುಂಪಿಗೂ ಅದೇ ಪಟ್ಟಿ, ಅದೇ ಅಳತೆಯ ಪಂಜರ, ಅದೇ ಒಂಟಿವಾಸ ಇರಬೇಕು, ನಾಲ್ಕೂ ಕಾಲು ನೆಲದ ಮೇಲೆ. ಗುಂಪಿನಲ್ಲಿ ಬೆಳೆದ ಇಲಿಗಳೊಡನೆ ಹೋಲಿಸಿದರೆ ಒಂಟಿತನದ ಪರಿಣಾಮವೂ ಗುರುತ್ವದ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೊನೆಗೆ, ಒತ್ತಡದ ಹಾರ್ಮೋನು ಸ್ರವಿಸುವ ಅಡ್ರಿನಲ್ ಗ್ರಂಥಿಯನ್ನೂ ತೂಗಿ. ಅದು ದಪ್ಪಗಾಗಿದ್ದರೆ ದೀರ್ಘಕಾಲದ ಒತ್ತಡವನ್ನೇ ಮೊದಲು ಶಂಕಿಸಿ.