ಪ್ರಾಗ್‌ನಲ್ಲಿ ಸಿಗುವುದು ಒಂದೇ ಬೆಳಗು: ಮಂಡಿನೋವಿರುವ ತಾಯಿಯ ಜೊತೆ ನಡೆದು ಏನು ನೋಡಬಹುದು?

ಮೇ ತಿಂಗಳಲ್ಲಿ ಪ್ರಾಗ್‌ನಲ್ಲಿ ಒಂದು ರಾತ್ರಿ ಮಾತ್ರ ತಂಗಿ, ಮರುದಿನ ಮಧ್ಯಾಹ್ನ ಒಂದೂವರೆಯ ರೈಲಿಗೆ ಹೊರಡಬೇಕಿದೆ, ಅರವತ್ತೆರಡು ವರ್ಷದ ತಾಯಿಯವರಿಗೆ ಮಂಡಿನೋವು ಇದೆ, ಆ ಬೆಳಗ್ಗೆ ನಡೆದುಕೊಂಡೇ ಏನೇನು ನೋಡಬಹುದು, ಕೋಟೆಯ ಟಿಕೆಟ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಕೊನೆಯ ವಾರದಲ್ಲಿ, ನನ್ನ ದೊಡ್ಡಮ್ಮನನ್ನು ಕರೆದುಕೊಂಡು ನಾನೂ ಅಲ್ಲಿ ಎರಡು ದಿನ ಇದ್ದೆ. ಮೊದಲ ದಿನ ಹನ್ನೊಂದು ಗಂಟೆಗೆ ಹೊರಟು, ಜನಜಂಗುಳಿಯ ನಡುವೆ ಕೋಟೆಯ ಮೆಟ್ಟಿಲುಗಳನ್ನು ಹತ್ತಿಸಲು ಹೋಗಿ, ಅರ್ಧ ದಾರಿಯಲ್ಲೇ ಅವರು ಗೋಡೆಗೊರಗಿ ಕುಳಿತುಬಿಟ್ಟರು. ಎರಡನೆಯ ದಿನದ ದಾರಿಯನ್ನು ಅವರೇ ನಿರ್ಧರಿಸಿದರು. ನಸುಕಿನಲ್ಲೇ ಹೊರಡುವುದು, ಸಮತಟ್ಟಾದ ಭಾಗವನ್ನು ನಡೆಯುವುದು, ಏರನ್ನು ಟ್ರಾಮಿಗೆ ಬಿಡುವುದು, ಟಿಕೆಟ್ಟಿನ ಗೊಡವೆಗೆ ಹೋಗದಿರುವುದು. ನಿಮಗೂ ಅದನ್ನೇ ಹೇಳುತ್ತೇನೆ.

ಮೇ ತಿಂಗಳಲ್ಲಿ ಐದೂಕಾಲರ ಆಸುಪಾಸಿಗೆಲ್ಲ ಸೂರ್ಯೋದಯವಾಗುವುದರಿಂದ, ಆರು ಗಂಟೆಗೆ ಹಳೆಯ ಪಟ್ಟಣದ ಚೌಕದಲ್ಲಿದ್ದರೆ ಒಳ್ಳೆಯ ಬೆಳಕೂ ಸಿಗುತ್ತದೆ, ಚೌಕವೂ ಖಾಲಿ ಇರುತ್ತದೆ. ಪುರಭವನದ ಗೋಡೆಯಲ್ಲಿರುವ ಖಗೋಳ ಗಡಿಯಾರವನ್ನು ನೋಡಲು ಇದೇ ಸರಿಯಾದ ಹೊತ್ತು. ಗಂಟೆ ಬಾರಿಸಿದಾಗ ಕಿಟಕಿ ತೆರೆದು ಹನ್ನೆರಡು ಅಪೊಸ್ತಲರ ಬೊಂಬೆಗಳು ಸಾಗಿಹೋಗುವ ಆಟ ಅಷ್ಟು ಬೆಳಗ್ಗೆ ಇರುವುದಿಲ್ಲ. ಅದು ತಪ್ಪಿದರೆ ನಷ್ಟವೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೊಂಬೆಗಳಿಗಾಗಿ ಕತ್ತೆತ್ತಿ ನಿಂತವರಲ್ಲಿ ಹೆಚ್ಚಿನವರು ಕೆಳಗಿನ ಮುಖಫಲಕವನ್ನು ಓದುವ ಗೋಜಿಗೇ ಹೋಗುವುದಿಲ್ಲ. 1410ರಲ್ಲಿ ಮೊದಲು ಕೂಡಿಸಿದ, ಆಮೇಲೆ ಹಲವು ಸಲ ದುರಸ್ತಿ ಕಂಡ ಆ ಯಂತ್ರ ತೋರಿಸುವುದು ಗಂಟೆಯನ್ನಷ್ಟೇ ಅಲ್ಲ. ಹೊರಗಿನ ಕಪ್ಪು ಬಳೆಯ ಮೇಲೆ ಹಳೆಯ ಜರ್ಮನ್ ಶೈಲಿಯ ಚಿನ್ನದ ಅಂಕಿಗಳಿವೆ. ಅವು ಬೊಹೀಮಿಯಾದಲ್ಲಿ, ಅಂದರೆ ಪ್ರಾಗ್ ರಾಜಧಾನಿಯಾಗಿದ್ದ ಹಳೆಯ ರಾಜ್ಯದಲ್ಲಿ, ಸೂರ್ಯಾಸ್ತದಿಂದ ಎಣಿಸುತ್ತಿದ್ದ ಇಪ್ಪತ್ನಾಲ್ಕು ಗಂಟೆಗಳು. ನಾವು ನಿಂತಿದ್ದು ಆರು ದಾಟಿದ ಮೇಲಾದರೂ ಚಿನ್ನದ ಕೈ ಆ ಬಳೆಯಲ್ಲಿ ಹತ್ತರ ಸಮೀಪವಿತ್ತು, ಅಂದರೆ ಹಿಂದಿನ ಸಂಜೆ ಸೂರ್ಯ ಮುಳುಗಿ ಹತ್ತು ಗಂಟೆಯಾಗುತ್ತ ಬಂದಿತ್ತು. ಒಳಗಡೆ, ಕೇಂದ್ರದಿಂದ ಸರಿದು ಕೂತ ಇನ್ನೊಂದು ಬಳೆಯಲ್ಲಿ ಹನ್ನೆರಡು ರಾಶಿಗಳ ಚಿಹ್ನೆಗಳಿವೆ. ಅದರ ಮೇಲೆ ಚಿನ್ನದ ಸೂರ್ಯನೂ, ಅರ್ಧ ಕಪ್ಪು ಅರ್ಧ ಬೆಳ್ಳಿಯ ಚಂದ್ರನೂ ಸರಿಯುತ್ತಾರೆ. ಚಂದ್ರನ ಗುಂಡು ತನ್ನಷ್ಟಕ್ಕೇ ತಿರುಗಿ ಪಕ್ಷವನ್ನೂ ತೋರಿಸುತ್ತದೆ.

ದೊಡ್ಡಮ್ಮ ದಿನವೂ ಪಂಚಾಂಗ ನೋಡುವವರು. ಎರಡು ನಿಮಿಷ ದಿಟ್ಟಿಸಿ, "ಇದು ತಪ್ಪು ತೋರಿಸ್ತಿದೆಯಲ್ಲೋ, ಸೂರ್ಯ ಇನ್ನೂ ಮೇಷದಲ್ಲಿದ್ದಾನೆ, ಇವರು ವೃಷಭಕ್ಕೆ ಕಳಿಸಿಬಿಟ್ಟಿದ್ದಾರೆ" ಎಂದರು. ತಪ್ಪು ಇಬ್ಬರದೂ ಅಲ್ಲ. ಯುರೋಪಿನವರದು ಸಾಯನ ಲೆಕ್ಕ, ಅಂದರೆ ರಾಶಿಗಳನ್ನು ವಸಂತ ವಿಷುವದ ಬಿಂದುವಿನಿಂದ ಎಣಿಸುವುದು. ನಮ್ಮ ಪಂಚಾಂಗಗಳದು ನಿರಯನ, ಅಂದರೆ ಸ್ಥಿರ ನಕ್ಷತ್ರಗಳಿಂದ ಎಣಿಸುವುದು. ನಡುವೆ ಅಯನಾಂಶದ ಸುಮಾರು 24 ಡಿಗ್ರಿಗಳ ಅಂತರವಿದೆ. ಅಷ್ಟು ಹೇಳಿದ ಮೇಲೆ ಅವರು ಆ ಗಡಿಯಾರವನ್ನು ಪಕ್ಕದ ಮನೆಯ ಜೋಯಿಸರನ್ನು ಪರೀಕ್ಷಿಸುವಂತೆ ಕಾಲು ಗಂಟೆ ಪರೀಕ್ಷಿಸಿದರು. ನಿಮ್ಮ ತಾಯಿಯವರಿಗೂ ಪಂಚಾಂಗದ ಪರಿಚಯವಿದ್ದರೆ ಇಲ್ಲಿ ಅವಸರ ಮಾಡಬೇಡಿ.

ಅಲ್ಲಿಂದ ಹೊರಡುವ ಮೊದಲು ಪುರಭವನದ ಪೂರ್ವದ ಗೋಡೆಯ ಪಕ್ಕ ನೆಲವನ್ನು ನೋಡಿ. ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳನ್ನು ಹುದುಗಿಸಿದ್ದಾರೆ. ಆಗ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಯ ವಿರುದ್ಧ ಎದ್ದ ಬೊಹೀಮಿಯಾದ ಮುಖಂಡರು 1620ರ ನವೆಂಬರಿನಲ್ಲಿ ಊರ ಹೊರಗಿನ ಬೀಲಾ ಹೊರಾ, ಅಂದರೆ ಬಿಳಿಗುಡ್ಡದ ಕದನದಲ್ಲಿ ಸೋತರು. ಅವರಲ್ಲಿ ಇಪ್ಪತ್ತೇಳು ಜನರನ್ನು 1621ರ ಜೂನ್ 21ರಂದು ಇದೇ ಜಾಗದಲ್ಲಿ ಕೊಲ್ಲಲಾಯಿತು. ಹಗಲಿನಲ್ಲಿ ಗಡಿಯಾರ ನೋಡಲು ಸೇರುವ ಗುಂಪು ಈ ಶಿಲುಬೆಗಳ ಮೇಲೆಯೇ ನಿಂತಿರುತ್ತದೆ. ಎದುರಿಗೆ ಕಾಣುವ ಜೋಡಿ ಗೋಪುರಗಳದು ಟೀನ್ ಚರ್ಚು. ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆಯ ಸಮಾಧಿ ಅದರೊಳಗಿದೆ. ಅಷ್ಟು ಬೇಗ ಬಾಗಿಲು ತೆರೆದಿರದಿದ್ದರೂ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಅವನು ಮತ್ತೆ ಸಿಗುತ್ತಾನೆ.

ಚೌಕದಿಂದ ಸೇತುವೆಗೆ ಹೋಗುವ ಕಾರ್ಲೋವಾ ರಸ್ತೆ ಅಂಕುಡೊಂಕಾದ, ಸ್ಮರಣಿಕೆಯ ಅಂಗಡಿಗಳೇ ತುಂಬಿದ ಓಣಿ. ಬೆಳಗ್ಗೆ ಅವೆಲ್ಲ ಮುಚ್ಚಿರುವುದೇ ಅದರ ಸೊಬಗು. ಸೇತುವೆಯ ಹತ್ತಿರದ ನಾಲ್ಕನೆಯ ನಂಬರಿನ ಮನೆಯಲ್ಲಿ ಟೈಕೋನ ಶಿಷ್ಯ, ಖಗೋಳಜ್ಞ ಯೋಹಾನೆಸ್ ಕೆಪ್ಲರ್ ಕೆಲವು ವರ್ಷ ವಾಸವಾಗಿದ್ದ. ಟೈಕೋ ಬಿಟ್ಟುಹೋದ ಮಂಗಳ ಗ್ರಹದ ಅಳತೆಗಳನ್ನು ಮುಂದಿಟ್ಟುಕೊಂಡು, ಗ್ರಹಗಳು ವೃತ್ತದಲ್ಲಲ್ಲ ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂಬುದನ್ನು ಅವನು 1609ರಲ್ಲಿ ಪ್ರಕಟಿಸಿದ್ದು ಈ ಊರಿನಲ್ಲಿದ್ದಾಗಲೇ.

ಚಾರ್ಲ್ಸ್ ಸೇತುವೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಆದ್ದರಿಂದ ನಾನು ಹೆಚ್ಚು ಹೇಳುವುದಿಲ್ಲ. ನಾಲ್ಕನೆಯ ಚಾರ್ಲ್ಸ್ 1357ರಲ್ಲಿ ಆರಂಭಿಸಿದ, ಹದಿನಾರು ಕಮಾನುಗಳ, 516 ಮೀಟರ್ ಉದ್ದದ ಕಲ್ಲಿನ ಸೇತುವೆ ಅದು. ಕಟ್ಟೆಗಳ ಮೇಲಿನ ಮೂವತ್ತು ಶಿಲ್ಪಗಳಲ್ಲಿ ಬಹಳಷ್ಟು ಈಗ ಪ್ರತಿಕೃತಿಗಳು. ಶಿಲ್ಪಗಳಲ್ಲೆಲ್ಲ ಹಳೆಯದು 1683ರ ಸಂತ ಯಾನ್ ನೆಪೊಮುಕನ ಕಂಚಿನ ಮೂರ್ತಿ. ರಾಜನ ಆಜ್ಞೆಯಂತೆ 1393ರಲ್ಲಿ ನದಿಗೆ ಎಸೆಯಲ್ಪಟ್ಟ ಪಾದ್ರಿ ಅವನು. ಪೀಠದ ಉಬ್ಬುಶಿಲ್ಪ ಪೂರ್ತಿ ಕಪ್ಪಾಗಿದ್ದರೂ, ಅದೃಷ್ಟಕ್ಕೆಂದು ಜನ ಮುಟ್ಟಿ ಮುಟ್ಟಿ ಒಂದೆರಡು ಕಡೆ ಮಾತ್ರ ನಮ್ಮ ದೇವಸ್ಥಾನದ ಹೊಸ್ತಿಲಿನ ಹಿತ್ತಾಳೆಯ ಹಾಗೆ ಥಳಥಳಿಸುತ್ತದೆ. ಆರೂವರೆಗೆ ಅಲ್ಲಿ ಓಟದವರು, ಮದುವೆ ಉಡುಪಿನಲ್ಲಿ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಬಿಟ್ಟರೆ ಹೆಚ್ಚು ಜನ ಇರುವುದಿಲ್ಲ. ಒಂಬತ್ತರ ನಂತರ ಅದೇ ಸೇತುವೆಯಲ್ಲಿ ಭುಜಕ್ಕೆ ಭುಜ ತಾಗುತ್ತದೆ.

ಸೇತುವೆ ಇಳಿದು ನೇರ ನಡೆದರೆ ಕೋಟೆಯ ಕೆಳಗಿನ ಮಾಲಾ ಸ್ತ್ರಾನಾ ಬಡಾವಣೆಯ ಚೌಕದಲ್ಲಿ ಟ್ರಾಮ್ ನಿಲುಗಡೆ ಇದೆ. ಅಲ್ಲಿ 22ನೆಯ ನಂಬರಿನ, "ಬೀಲಾ ಹೊರಾ" ಎಂದು ಫಲಕವಿರುವ ಟ್ರಾಮ್ ಹತ್ತಿ. ಹೌದು, ಆ ಇಪ್ಪತ್ತೇಳು ಜನರನ್ನು ಸೋಲಿಸಿದ ಗುಡ್ಡವೇ ಈಗ ಆ ಟ್ರಾಮಿನ ಕೊನೆಯ ನಿಲ್ದಾಣ. ಕಾಗದದ ಟಿಕೆಟ್ ಕೊಂಡಿದ್ದರೆ ಹಳದಿ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಟಿಕೆಟ್ಟಿಗೂ ದಂಡವಿದೆ. ಕೋಟೆಯ ನಿಲ್ದಾಣದಲ್ಲಿ ಇಳಿಯದೆ ಇನ್ನೂ ಮುಂದೆ, ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ನಿಲ್ದಾಣದ ಹತ್ತಿರವೇ ಟೈಕೋ ಮತ್ತು ಕೆಪ್ಲರ್ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತ ಪ್ರತಿಮೆಯಿದೆ. ಬದುಕಿದ್ದಾಗ ಅಳತೆಗಳ ಲೆಕ್ಕಪುಸ್ತಕವನ್ನು ಪೂರ್ತಿಯಾಗಿ ಶಿಷ್ಯನ ಕೈಗೆ ಕೊಡಲು ಹಿಂಜರಿದ ಗುರು, ಕಂಚಿನಲ್ಲಿ ಅವನ ಜೊತೆ ಒಂದೇ ಆಕಾಶ ನೋಡುತ್ತಿದ್ದಾನೆ.

ಇಲ್ಲಿಂದ ಕೋಟೆಯ ಚೌಕದವರೆಗೆ ದಾರಿ ನಿಧಾನವಾಗಿ ಇಳಿಯುತ್ತದೆ. ಕೋಟೆಯ ಆವರಣ ಬೆಳಗ್ಗೆ ಆರಕ್ಕೇ ತೆರೆಯುತ್ತದೆ, ಒಳಗಿನ ಕಟ್ಟಡಗಳು ಒಂಬತ್ತಕ್ಕೆ. ಅಂಗಳಗಳಲ್ಲಿ ಓಡಾಡಲು ಟಿಕೆಟ್ ಬೇಕಿಲ್ಲ, ಬಾಗಿಲಲ್ಲಿ ಚೀಲ ತಪಾಸಣೆ ಇರಬಹುದು ಅಷ್ಟೆ. ಸಂತ ವೀತ್‌ನ ದೊಡ್ಡ ಚರ್ಚನ್ನು 1344ರಲ್ಲಿ ಆರಂಭಿಸಿ ಮುಗಿಸಿದ್ದು 1929ರಲ್ಲಿ. ಪ್ರವಾಸಿಗರು ಪುರಾತನವೆಂದು ಬೆರಗಾಗುವ ಪಶ್ಚಿಮದ ಮುಂಭಾಗವೇ ಅದರ ಹೊಸ ಭಾಗ. ನಿಜವಾಗಿ ಹಳೆಯದನ್ನು ನೋಡಬೇಕಾದರೆ ದಕ್ಷಿಣಕ್ಕೆ ಸುತ್ತಿ ಬಂದು, ಮೂರು ಕಮಾನುಗಳ ಬಾಗಿಲಿನ ಮೇಲಿರುವ ಅಂತಿಮ ತೀರ್ಪಿನ ಮೊಸಾಯಿಕ್ ನೋಡಿ. ಹದಿನಾಲ್ಕನೆಯ ಶತಮಾನದ ಆ ಗಾಜಿನ ಚೂರುಗಳು ಬೆಳಗಿನ ಬಿಸಿಲಿಗೆ ಮಿನುಗುತ್ತವೆ. ನಿಮ್ಮ ಬಳಿ ಒಂದೇ ಬೆಳಗು ಇರುವಾಗ ಸಾಲಿನಲ್ಲಿ ನಿಂತು ಒಳಗೆ ಹೋಗುವುದಕ್ಕಿಂತ ಇದು ಮೇಲು.

ಇಳಿಯುವ ವಿಷಯದಲ್ಲಿ ಎಚ್ಚರವಿರಲಿ. ಮಂಡಿಗೆ ಏರಿಗಿಂತ ಇಳಿಜಾರೇ ಹೆಚ್ಚು ಹಿಂಸೆ, ಅದರಲ್ಲೂ ಅಲ್ಲಿನವರು "ಬೆಕ್ಕಿನ ತಲೆ" ಎಂದು ಕರೆಯುವ ಗುಂಡುಗಲ್ಲುಗಳ ಮೇಲೆ. ಮೆಟ್ಟಿಲುಗಳ ದಾರಿಯನ್ನು ಬಿಟ್ಟು ನೆರೂಡೋವಾ ರಸ್ತೆಯಲ್ಲಿ ಇಳಿಯಿರಿ. ಅದು ಕಡಿದಾಗಿದ್ದರೂ ನಿಂತು ನಿಂತು ಹೋಗಲು ಕಾರಣಗಳು ಬೇಕಾದಷ್ಟಿವೆ. ಮನೆಗಳಿಗೆ ನಂಬರು ಬಂದದ್ದು 1770ರಲ್ಲಿ, ಅದಕ್ಕೆ ಮೊದಲು ಪ್ರತಿ ಮನೆಗೂ ಬಾಗಿಲ ಮೇಲಿನ ಚಿತ್ರವೇ ವಿಳಾಸ. ಎರಡು ಸೂರ್ಯ, ಮೂರು ಪಿಟೀಲು, ಚಿನ್ನದ ಬೀಗದಕೈ, ಕೆಂಪು ಕುರಿಮರಿ. ಮೂರು ಪಿಟೀಲಿನ ಮನೆಯಲ್ಲಿ ಪಿಟೀಲು ತಯಾರಿಸುವವರೇ ವಾಸವಾಗಿದ್ದರು. ನಾವು ಚಿತ್ರಕ್ಕೊಂದು ನಿಮಿಷದಂತೆ ನಿಂತು ಇಳಿದುದರಿಂದ ದೊಡ್ಡಮ್ಮನಿಗೆ ಆಯಾಸ ತಿಳಿಯಲಿಲ್ಲ. ತಾಯಿಯವರಿಗೆ ಅದೂ ಬೇಡವೆನಿಸಿದರೆ, ಕೋಟೆಯ ಉತ್ತರದ ಬಾಗಿಲಿನಿಂದ ಹೊರಬಂದು ಅದೇ 22ನೆಯ ಟ್ರಾಮಿನಲ್ಲಿ ಹಿಂದಿರುಗಬಹುದು.

ಮಾಲಾ ಸ್ತ್ರಾನಾಕ್ಕೆ ಹತ್ತೂವರೆಗೆ ತಲುಪಿದರೂ ನಿಮಗೆ ಸಮಯವಿರುತ್ತದೆ. ಅಲ್ಲಿಂದ ಒಂದು ನಿಲ್ದಾಣದಾಚೆ ಮಾಲೊಸ್ತ್ರಾನ್‌ಸ್ಕಾ ಮೆಟ್ರೊ ಇದೆ. ಹಸಿರು ಮಾರ್ಗದಲ್ಲಿ ಮ್ಯೂಸಿಯಂವರೆಗೆ ಹೋಗಿ, ಕೆಂಪು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನದೇ ಮುಖ್ಯ ರೈಲು ನಿಲ್ದಾಣ. ತಿಂಡಿಗೆ, ಬೀದಿಬೀದಿಯಲ್ಲಿ "ಪುರಾತನ ಬೊಹೀಮಿಯಾದ್ದು" ಎಂದು ಮಾರುವ ಸುರುಳಿ ರೊಟ್ಟಿಗೆ ಮರುಳಾಗದೆ, ಯಾವುದಾದರೂ ಬೇಕರಿಯಲ್ಲಿ ಗಸಗಸೆ ಹೂರಣದ ಕೊಲಾಚ್ ಎಂಬ ಸಿಹಿ ಬನ್ನು ಕೇಳಿ, ನಾಲ್ಕು ಹೆಚ್ಚಾಗಿಯೇ ರೈಲಿಗೆ ಕಟ್ಟಿಸಿಕೊಳ್ಳಿ. ನಮ್ಮ ಗಸಗಸೆ ಬಿಳಿ, ಅಲ್ಲಿಯದು ನೀಲಿಗಪ್ಪು. ದೊಡ್ಡಮ್ಮ ಮೊದಲು ಎಳ್ಳೆಂದು ತಿಳಿದು ಬಾಯಿಗಿಟ್ಟರು, ಎರಡನೆಯದನ್ನು ಕೇಳಿ ಪಡೆದರು.