ಓದುಗರ ಪ್ರಶ್ನೆ: ಅಂಧರಿಗೆ ಯಾವ ಕಂಪ್ಯೂಟರ್ ಕೊಡಿಸಬೇಕು?

ಪ್ರಶ್ನೆ: ನನ್ನ ತಮ್ಮನ ಮಗ ಕಣ್ಣಿನ ನರದ ತೊಂದರೆಯಿಂದ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡಿದ್ದಾನೆ. ಪಿಯುಸಿ ಮುಗಿಸಿದ್ದಾನೆ, ಬಿ.ಎ. ಓದುವ ಆಸೆಯಿದೆ. ಅಂಧರಿಗೆಂದೇ ಬೇರೆ ಕಂಪ್ಯೂಟರ್ ಸಿಗುತ್ತದೆಯೇ? ಬ್ರೈಲ್ ಬಾರದವನು ಅದನ್ನು ಬಳಸಬಹುದೇ? ಬ್ಯಾಂಕಿನ ವ್ಯವಹಾರವನ್ನು ಅವನೇ ಮಾಡಿಕೊಳ್ಳಲು ಸಾಧ್ಯವೇ?
— ಓದುಗರೊಬ್ಬರು, ಮದ್ದೂರು

ಉತ್ತರ: ಬೇರೆ ಕಂಪ್ಯೂಟರ್ ಬೇಕಿಲ್ಲ. ಮಂಡ್ಯದಲ್ಲೋ ಮೈಸೂರಿನಲ್ಲೋ ಅಂಗಡಿಯಲ್ಲಿ ಸಿಗುವ ಮಾಮೂಲಿ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿದ್ದರೆ ಪರದೆಯ ಮೇಲಿನ ಬರಹವನ್ನೂ ಮೆನು, ಗುಂಡಿ, ಕೊಂಡಿಗಳನ್ನೂ ಅದು ಓದಿ ಹೇಳುತ್ತದೆ. ಇಂಥವುಗಳಲ್ಲಿ ಹಳೆಯದಾದ 'ಜಾಸ್' 1989ರಲ್ಲಿ, ವಿಂಡೋಸ್ ಬಳಕೆ ಹರಡುವ ಮೊದಲಿನ ಡಾಸ್ ಕಾಲದಲ್ಲಿಯೇ ಬಂದದ್ದು; ಬೆಲೆ ದುಬಾರಿ. ತಾವು ಆ ಖರ್ಚಿಗೆ ಇಳಿಯಬೇಕಾಗಿಲ್ಲ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರು 2006ರಲ್ಲಿ ಆರಂಭಿಸಿದ 'ಎನ್‌ವಿಡಿಎ' ಉಚಿತವಾಗಿ ದೊರೆಯುತ್ತದೆ ಮತ್ತು ವಿಂಡೋಸ್ ಇರುವ ಯಾವುದೇ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತದೆ.

ಅಂಧರು ಮೌಸ್ ಹಿಡಿಯುವುದಿಲ್ಲ, ಎಲ್ಲವನ್ನೂ ಕೀಲಿಮಣೆಯಿಂದಲೇ ಮಾಡುತ್ತಾರೆ. ವಿಶ್ವವಿದ್ಯಾಲಯದ ಫಲಿತಾಂಶದ ಪುಟವನ್ನು ಅವನು ತೆರೆದನೆನ್ನಿ. ನಮ್ಮ ಕಣ್ಣು ಒಮ್ಮೆಗೇ ಅಂಕಪಟ್ಟಿಯತ್ತ ಹೋಗುವಂತೆ ಅವನ ಕಿವಿ ಹೋಗಲಾರದು. ಮೇಲಿನಿಂದ ಕೆಳಕ್ಕೆ ಎಲ್ಲವನ್ನೂ ಕೇಳುತ್ತ ಕೂತರೆ ಹೊತ್ತು ಹೋಗುತ್ತದೆ. ಆದ್ದರಿಂದ 'ಎಚ್' ಕೀಲಿಯನ್ನು ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾನೆ, 'ಟಿ' ಒತ್ತಿ ಕೋಷ್ಟಕಕ್ಕೆ ಬರುತ್ತಾನೆ, ಅಲ್ಲಿಂದ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳ ಜೊತೆಗೆ ಬಾಣದ ಕೀಲಿಯನ್ನು ಒತ್ತುತ್ತ ಒಂದೊಂದೇ ಮನೆಗೆ ಸರಿಯುತ್ತಾನೆ. ಪುಟವನ್ನು ಸರಿಯಾಗಿ ರಚಿಸಿದ್ದರೆ 'ಇತಿಹಾಸ' ಎಂಬ ಸಾಲಿನ ಹೆಸರೂ ಅಂಕವೂ ಒಟ್ಟಿಗೆ ಕೇಳಿಸುತ್ತವೆ. ಅಂಕಪಟ್ಟಿಯನ್ನು ಚಿತ್ರವಾಗಿ ಅಂಟಿಸಿದ್ದರೆ 'ಗ್ರಾಫಿಕ್' ಎಂಬ ಒಂದೇ ಮಾತು ಕೇಳಿಸಿ ಮುಂದಿನದು ಬರುತ್ತದೆ.

ಟೈಪಿಂಗ್ ವಿಷಯದಲ್ಲಿ ಚಿಂತೆ ಬೇಡ. 'ಎಫ್' ಮತ್ತು 'ಜೆ' ಕೀಲಿಗಳ ಮೇಲೆ ಬೆರಳಿಗೆ ತಗಲುವ ಸಣ್ಣ ಗೆರೆಯಿರುತ್ತದೆ; ತೋರುಬೆರಳನ್ನು ಅಲ್ಲಿಟ್ಟರೆ ಉಳಿದ ಕೀಲಿಗಳ ಜಾಗ ತಾನಾಗಿ ಸಿಗುತ್ತದೆ. ಎನ್‌ವಿಡಿಎ ಜೊತೆಗೇ ಬರುವ 'ಈಸ್ಪೀಕ್' ಧ್ವನಿಯು ಕನ್ನಡವನ್ನೂ ಓದುತ್ತದೆ, ಆದರೆ ಕೇಳಲು ಕರ್ಕಶ. ಮನೆಯವರು ಮೊದಲ ದಿನವೇ ಅದನ್ನು ಕೇಳಿ ಇದಾಗದು ಎಂದು ತೀರ್ಮಾನಿಸಬಾರದು. ಅಭ್ಯಾಸವಾದವರು ಅದೇ ಧ್ವನಿಯ ವೇಗವನ್ನು ನಮಗೆ ಒಂದಕ್ಷರವೂ ತಿಳಿಯದಷ್ಟು ಏರಿಸಿಕೊಂಡು ಪುಟಗಟ್ಟಲೆ ಓದುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ 'ಟಾಕ್‌ಬ್ಯಾಕ್' ಎಂಬ ಸ್ಕ್ರೀನ್ ರೀಡರ್ ಮೊದಲೇ ಇರುವುದು ಸಾಮಾನ್ಯ. ಗೂಗಲ್ಲಿನ ಕನ್ನಡ ಧ್ವನಿ ಕಿವಿಗೆ ಇನ್ನಷ್ಟು ಹಿತವಾಗಿದೆ.

ಬ್ರೈಲ್ ಬಾರದಿದ್ದರೂ ಇಷ್ಟೆಲ್ಲ ನಡೆಯುತ್ತದೆ. ಆದರೂ ಅವನು ಬ್ರೈಲ್ ಕಲಿಯಲಿ ಎಂಬುದೇ ನನ್ನ ಅಭಿಪ್ರಾಯ. ಬರಿಯ ಕೇಳ್ಮೆಯಿಂದ ಓದುವವರಿಗೆ ಕಾಗುಣಿತ ಸಡಿಲವಾಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳು ಬೆರಳಿಗೆ ತಿಳಿದಷ್ಟು ಖಚಿತವಾಗಿ ಯಂತ್ರದ ಧ್ವನಿಯಲ್ಲಿ ತಿಳಿಯುವುದಿಲ್ಲ. (ಅಕಾರ, ಹಕಾರಗಳ ವಿಷಯದಲ್ಲಿ ನಮ್ಮ ಸೀಮೆಯವರು ಮೊದಲೇ ಉದಾರಿಗಳು.) ಮೈಸೂರಿನ ತಿಲಕ್ ನಗರದಲ್ಲಿ, 1901ರಲ್ಲಿ ಸ್ಥಾಪನೆಯಾದ ಅಂಧ ಮತ್ತು ಕಿವುಡ ಮಕ್ಕಳ ಸರ್ಕಾರಿ ಶಾಲೆಯೂ ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಇವೆ. ಅವನ ವಯಸ್ಸಿನವರು ಎಲ್ಲಿ ಕಲಿಯಬಹುದೆಂದು ಅಲ್ಲಿಯೇ ವಿಚಾರಿಸುವುದು ಒಳ್ಳೆಯದು. ಮದ್ದೂರಿನಿಂದ ರೈಲಿನಲ್ಲಿ ಹೋಗಿಬರಬಹುದು. ಪದವಿಯ ಓದಿಗೆ 2016ರಲ್ಲಿ ಆರಂಭವಾದ 'ಸುಗಮ್ಯ ಪುಸ್ತಕಾಲಯ' ಎಂಬ, ಅಂಧರು ಓದಬಲ್ಲ ರೂಪದ ಪುಸ್ತಕಗಳ ಆನ್‌ಲೈನ್ ಗ್ರಂಥಾಲಯ ನೆರವಾಗುತ್ತದೆ.

ಬ್ಯಾಂಕಿನ ವ್ಯವಹಾರ ಖಂಡಿತ ಸಾಧ್ಯ. ಪಾಸ್‌ವರ್ಡ್ ಒತ್ತುವಾಗ ಎನ್‌ವಿಡಿಎ ಅಕ್ಷರವನ್ನು ಹೇಳದೆ 'ಸ್ಟಾರ್' ಎಂದಷ್ಟೇ ಹೇಳುತ್ತದೆ. ಪಕ್ಕದಲ್ಲಿ ಕೂತವರು ಇಣುಕಿ ನೋಡದಂತೆ ಪರದೆಯನ್ನೇ ಕಪ್ಪಾಗಿಸಿಕೊಂಡು ಕೆಲಸ ಮಾಡುವ ಅನುಕೂಲವೂ ಅದರಲ್ಲಿದೆ. ತೊಡಕಾಗುವುದು ಬೇರೆಡೆ: ಚಿತ್ರದಲ್ಲಿನ ವಕ್ರ ಅಕ್ಷರಗಳನ್ನು ಗುರುತಿಸಿರೆನ್ನುವ ಕ್ಯಾಪ್ಚಾ, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿರೆನ್ನುವ ಇ-ಕೆವೈಸಿ (ಗ್ರಾಹಕರ ಗುರುತನ್ನು ಆನ್‌ಲೈನಿನಲ್ಲೇ ಖಚಿತಪಡಿಸಿಕೊಳ್ಳುವ ಕ್ರಮ). ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರ ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದೆಂದು ಹೇಳಿ, ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯಗಳಿರಬೇಕೆಂದು ಸೂಚಿಸಿದೆ. ಶಾಖೆಯಲ್ಲಿ 'ಆಗುವುದಿಲ್ಲ' ಎಂದರೆ ಈ ತೀರ್ಪನ್ನು ಉಲ್ಲೇಖಿಸಿ ಲಿಖಿತ ಅರ್ಜಿ ಕೊಡಿ.

ಪ್ರಶ್ನೆ: ನಮ್ಮ ಬಡಾವಣೆಯ ಸಂಘದ ಸುತ್ತೋಲೆಗಳನ್ನು ನಾನು 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿ ಇಮೇಲ್ ಕಳುಹಿಸುತ್ತೇನೆ. ಅಂಧರಾದ ಸದಸ್ಯರೊಬ್ಬರು ತಮಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕೇಳಿಸುತ್ತವೆ ಎನ್ನುತ್ತಾರೆ. ನನ್ನ ಪರದೆಯಲ್ಲಿ ಶುದ್ಧ ಕನ್ನಡವೇ ಕಾಣುತ್ತದೆ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅವರು ಹೇಳುತ್ತಿರುವುದು ನಿಜ. ತಾವು ಬಳಸುತ್ತಿರುವುದು, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ಗಿಂತ ಹಿಂದಿನ ಹಳೆಯ ಫಾಂಟ್ ಇರಬೇಕು. ಅದರಲ್ಲಿ 'ಕನ್ನಡ' ಎಂದು ಟೈಪು ಮಾಡಿದರೆ ಕಡತದೊಳಗೆ ಉಳಿಯುವುದು ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಗೀಟಿರುವ 'ಎ', ಬ್ರಿಟಿಷ್ ಪೌಂಡಿನ ಚಿಹ್ನೆ ಇತ್ಯಾದಿ. ಫಾಂಟ್ ಅವುಗಳಿಗೆ ಕನ್ನಡದ ಆಕಾರವನ್ನು ತೊಡಿಸಿ ನಮಗೆ ತೋರಿಸುತ್ತದೆ. ಸ್ಕ್ರೀನ್ ರೀಡರ್ ಆಕಾರವನ್ನು ನೋಡುವುದಿಲ್ಲ, ಒಳಗಿರುವುದನ್ನೇ ಓದುತ್ತದೆ.

ಪರಿಹಾರ ಸುಲಭ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆಯಿದೆ; ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕನ್ನಡ ಕೀಲಿಮಣೆ ವಿನ್ಯಾಸವಾದ್ದರಿಂದ ತಮ್ಮ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಹಳೆಯ ಸುತ್ತೋಲೆಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತು ಬರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿ. ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಕಳುಹಿಸುವ ಪಿಡಿಎಫ್ ಅವರ ಪಾಲಿಗೆ ಖಾಲಿ ಹಾಳೆ. ಅದರೊಡನೆ ಮೂಲ ಕಡತವನ್ನೂ ಲಗತ್ತಿಸಿ. ವಾಟ್ಸಾಪಿನಲ್ಲಿ ಸಭೆಯ ಆಹ್ವಾನ ಪತ್ರಿಕೆಯ ಚಿತ್ರವನ್ನು ಹಾಕುವಾಗ ದಿನಾಂಕ, ಸಮಯ, ಸ್ಥಳಗಳನ್ನು ಅದರ ಕೆಳಗೆ ಅಕ್ಷರದಲ್ಲಿಯೂ ಬರೆಯಿರಿ.